ಶನಿವಾರದ ಎಣ್ಣೆ

ನನ್ನ ತಂಗಿಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಈ ಒಂದು ಮಾತು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳೂ ನಾನು ದಿನಾ ಬೆಳಿಗ್ಗೆ ಐದೂವರೆಗೆ ಜಿಮ್‌ನ ಬೀಗ ತೆಗೆದೆ, ಕಸ ಹೊಡೆದೆ, ಹುಡುಗರಿಗೆ ಬೈಠಕ್ ಹೊಡೆಸಿದೆ, ಸಂಜೆ ಮತ್ತೆ ಬೀಗ ಹಾಕಿದೆ. ಕೆಲಸದಲ್ಲಿ ಯಾವುದನ್ನೂ ತಪ್ಪಿಸಲಿಲ್ಲ. ಆದರೆ ರಾತ್ರಿ ಮಲಗಿದರೂ ಮೈ ಹಗುರಾಗುತ್ತಿರಲಿಲ್ಲ.

ಭೀಮರಾಯನಗುಡಿಯಲ್ಲಿ, ಕಾಲುವೆ ತೋಡುವ ಕಾಲಕ್ಕೆ ಸಿಮೆಂಟ್ ಇಡುತ್ತಿದ್ದ ಒಂದು ಗೋದಾಮು ಖಾಲಿ ಬಿದ್ದಿತ್ತು. ಶಹಾಪುರದ ಒಬ್ಬ ಸಾಹುಕಾರರು ಅದನ್ನು ಬಾಡಿಗೆಗೆ ಹಿಡಿದು ಜಿಮ್ ಮಾಡಿದರು. ನೋಡಿಕೊಳ್ಳಲು ನನ್ನನ್ನು ಇಟ್ಟರು. ನಾನು ಓದಿದ್ದು ಏಳನೆಯ ತರಗತಿ. ಸುರಪುರದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಗುಂಡುಕಲ್ಲು ಎತ್ತಿ ಬೆಳೆದವನು. ಮಷಿನ್‌ಗಳ ಹೆಸರು ನನಗೆ ಬಾಯಿಗೆ ಬರುತ್ತಿರಲಿಲ್ಲ, ಆದರೆ ಯಾರ ಬೆನ್ನು ಎಲ್ಲಿ ಬಾಗುತ್ತದೆ ಅನ್ನುವುದು ದೂರದಿಂದಲೇ ಕಾಣುತ್ತಿತ್ತು.

ಕೆಟಲ್‌ಬೆಲ್ ತಂದವರು ನಿವೃತ್ತ ಪಿ.ಟಿ. ಮಾಸ್ತರರು. ಎಂಟು, ಹನ್ನೆರಡು, ಹದಿನಾರು ಕಿಲೋದ ಮೂರು ಕಬ್ಬಿಣದ ಗುಂಡು, ಮೇಲೆ ದಪ್ಪ ಹಿಡಿಕೆ. ಹುಡುಗರು ಅದಕ್ಕೆ ಕಿವಿಗುಂಡು ಅಂದರು. ಮಾಸ್ತರರು ಸ್ವಿಂಗ್ ಮಾಡಿ ತೋರಿಸಿದರು. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಗುಂಡನ್ನು ತೊಡೆಗಳ ನಡುವೆ ಹಿಂದಕ್ಕೆ ಬಿಟ್ಟು, ಸೊಂಟವನ್ನು ಒಮ್ಮೆಲೇ ಮುಂದಕ್ಕೆ ದೂಡಿದಾಗ ಗುಂಡು ತಾನೇ ಎದೆಯ ಮಟ್ಟಕ್ಕೆ ಏಳುತ್ತದೆ.

"ಉಸ್ತಾದ್, ನಿಮ್ಮ ಕಲ್ಲಿನ ಲೆಕ್ಕ ಇದಕ್ಕ ಹಚ್ಚಬ್ಯಾಡ್ರಿ," ಅಂದರು. "ಇಲ್ಲಿ ಕೈ ಬರೇ ಹಗ್ಗ ಇದ್ದಂಗ. ಎತ್ತೋದು ಸೊಂಟ. ಇನ್ನೊಂದು, ಹಿಡಿಕಿ ಯಾವಾಗಲೂ ಒಣಾ ಇರಬೇಕು. ಬೀಸುವಾಗ ಎದುರಿಗೆ ಒಂದು ಬೆಕ್ಕೂ ಇರಬಾರದು."

ಎರಡಕ್ಕೂ ಹೂಂ ಅಂದೆ.

ತಂಗಿಯನ್ನು ಹತ್ತಿರದ ಗೋಗಿಗೆ ಕೊಟ್ಟಿದ್ದೇವೆ. ಕಾಲುವೆ ನೀರು ಬಂದ ಮೇಲೆ ಆ ಕಡೆಯೆಲ್ಲ ಭತ್ತ. ನಾಟಿಯ ದಿನಗಳಲ್ಲಿ ಹೆಂಗಸರು ಬೆಳಿಗ್ಗೆಯಿಂದ ಸಂಜೆತನಕ ಕೆಸರಿನಲ್ಲಿ ಬಾಗಿ ನಿಂತೇ ಇರುತ್ತಾರೆ. ಹತ್ತು ವರ್ಷ ಹಾಗೆ ನಿಂತು ಆಕೆಯ ಸೊಂಟ ಹಿಡಿದಿತ್ತು. ಬೆಲ್ಟು ಕಟ್ಟಿ, ಗುಳಿಗೆ ನುಂಗಿ ನಾಟಿಗೆ ಹೋಗುತ್ತಿದ್ದಳು. ಒಮ್ಮೆ ನನ್ನ ಮನೆಗೆ ಅವ್ವನನ್ನು ನೋಡಲು ಬಂದವಳು ಹೊಸ್ತಿಲ ಮೇಲೆ ಕೂತು, ಏಳಲು ಬಾಗಿಲ ಚೌಕಟ್ಟು ಹಿಡಿದಳು. ಆಗ ಆಕೆಗೆ ಮೂವತ್ತೆರಡು. ನಾನೇ ಅಂದೆ, "ಮಧ್ಯಾಹ್ನ ಜಿಮ್ ಖಾಲಿ ಇರ್ತದ. ಬಾ, ನೋಡೂಣು."

ಗೋಗಿಯಿಂದ ದಿನಾ ಆಟೋದಲ್ಲಿ ಬಂದು ಹೋಗುತ್ತಿದ್ದಳು. ಮೊದಲ ಹತ್ತು ದಿನ ಕಬ್ಬಿಣ ಮುಟ್ಟಿಸಲಿಲ್ಲ. ಬೆನ್ನಿಗೆ ಉದ್ದಕ್ಕೆ ಒಂದು ಕೋಲು ಹಿಡಿಸಿದೆ. ತಲೆ, ಬೆನ್ನು, ಬಾಲದ ಮೂಳೆ, ಮೂರಕ್ಕೂ ಕೋಲು ತಾಗಿರುವಂತೆಯೇ ಬಾಗಬೇಕು. ಆಕೆಗೆ ಬರಲಿಲ್ಲ. ಬೆನ್ನು ಗುಂಡಗೆ ಮಾಡಿ ನಾಟಿಗೆ ಬಾಗುವಂತೆಯೇ ಬಾಗುತ್ತಿದ್ದಳು. ನಾಲ್ಕನೆಯ ದಿನ ನನಗೆ ಸಾಕಾಗಿ, "ಎರಡೂ ಕೈಯಾಗ ತುಂಬಿದ ಕೊಡ ಅವ ಅಂತ ತಿಳ್ಕೊ. ಹಿಂದ ಬಾಗಿಲು ಅದ. ಹ್ಯಾಂಗ ಮುಚ್ಚತಿ?" ಅಂದೆ. ಕೂಡಲೇ ಹಿಂಭಾಗವನ್ನು ಹಿಂದಕ್ಕೆ ದೂಡಿದಳು. ಕೋಲು ಅಲುಗಲಿಲ್ಲ.

"ಇಷ್ಟೇನಾ? ಇದನ್ನ ಮೊದಲೇ ಹೇಳಬಾರದೇನೋ ಅಣ್ಣಾ," ಅಂದಳು.

ಆಮೇಲೆ ಎಂಟು ಕಿಲೋದ ಗುಂಡನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಎತ್ತಿಸಿದೆ. ಮೂರನೆಯ ವಾರ ಇಟ್ಟಿಗೆ ತೆಗೆದೆ. ನಾಲ್ಕನೆಯ ವಾರ ಸ್ವಿಂಗ್. ಹತ್ತು ಬೀಸು, ಆಮೇಲೆ ವಿಶ್ರಾಂತಿ. ಒಂದು ಪೂರ್ತಿ ವಾಕ್ಯ ತಡವರಿಸದೆ ಆಡುವಷ್ಟು ಉಸಿರು ಬಂದ ಮೇಲೆ ಮತ್ತೆ ಹತ್ತು. ಈ ಅಳತೆಯನ್ನು ಮಾಸ್ತರರು ಕೊಟ್ಟಿದ್ದರು. ತಂಗಿ ಆ ವಾಕ್ಯವನ್ನು ಯಾವಾಗಲೂ ಅತ್ತೆಗೇ ಮೀಸಲಿಡುತ್ತಿದ್ದಳು.

"ನಮ್ಮತ್ತಿ ಇವತ್ತು ಮುಂಜಾನೆ..." ಅಂದು ಉಸಿರು ಎಳೆದುಕೊಳ್ಳುತ್ತಿದ್ದಳು.

"ಇನ್ನಾ ಬಂದಿಲ್ಲ. ನಿಂದ್ರು."

"ನಮ್ಮತ್ತಿ ಇವತ್ತು ಮುಂಜಾನೆ ರೊಟ್ಟಿ ದಪ್ಪ ಆಗ್ಯಾವ ಅಂತ ಓಣಿ ತುಂಬಾ ಹೇಳ್ಕೊಂಡು ಬಂದಾಳ. ಹಾಂ, ಬಂತು ದಮ್ಮು. ಎಣಸು."

ನಾನು ಎಣಿಸುತ್ತಿದ್ದೆ. ಒಂದೂವರೆ ತಿಂಗಳಿಗೆ ಬೆಲ್ಟು ಬಿಚ್ಚಿಟ್ಟಳು. ಗುಳಿಗೆ ನಿಂತವು. ಮೇವಿನ ಹೊರೆ ಹೊತ್ತು ಕಾಲುವೆಯ ಏರಿ ಹತ್ತುವಾಗ ನಡುವೆ ನಿಲ್ಲುವುದಿಲ್ಲ ಅಂದಳು. ರಾತ್ರಿ ಮಲಗಿದರೆ ಕೋಳಿ ಕೂಗುವವರೆಗೆ ಎಚ್ಚರವಿಲ್ಲವಂತೆ. ಮಾಸ್ತರರು ನೋಡಿ, "ದಿನಾ ಇಪ್ಪತ್ತು ನಿಮಿಷ ಎದಿ ಹೊಡ್ಕೊಳ್ಳೋ ಹಂಗ ದುಡಿದ್ರ ಸಾಕ್ರಿ. ಹೊಲದ ದುಡಿತ ಮೈ ಸವಸ್ತದ, ಇದು ಮೈ ಕಟ್ತದ," ಅಂದರು. ಮೂರನೆಯ ತಿಂಗಳಿಗೆ ಹದಿನಾರು ಕಿಲೋ ಆಕೆಯ ಕೈಯಲ್ಲಿ ಸಲೀಸಾಗಿ ಏಳುತ್ತಿತ್ತು.

ಇದನ್ನು ಕಂಡ ಸಾಹುಕಾರರಿಗೆ ಒಂದು ಯೋಚನೆ ಬಂತು. ಕಾಲುವೆ ಆಫೀಸಿನ ಕ್ಯಾಂಪಿನ ಮನೆಗಳಲ್ಲಿ ನೌಕರದಾರ ಹೆಂಗಸರಿದ್ದಾರೆ, ನೌಕರದಾರರ ಹೆಂಡಂದಿರಿದ್ದಾರೆ. ಮಧ್ಯಾಹ್ನ ಅವರದೊಂದು ಬ್ಯಾಚ್ ಮಾಡೋಣ, ಕಲಿಸುವವಳು ನಿನ್ನ ತಂಗಿಯೇ ಆಗಲಿ ಅಂದರು. ತಂಗಿಗೆ ಇದು ಬಹಳ ದೊಡ್ಡದು. ಕೆಸರು ಬಿಟ್ಟು ನೆರಳಿನಲ್ಲಿ, ನೆಟ್ಟಗೆ ನಿಂತು ಮಾಡುವ ಕೆಲಸ ಆಕೆಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಹೆಂಗಸರನ್ನು ಕರೆದು ಒಂದು ದಿನ ಮಾಡಿ ತೋರಿಸುವುದು ಅಂತ ಆಯಿತು. ಆಫೀಸಿಗೆ ರಜೆ ಇದ್ದದ್ದು ಎರಡನೆಯ ಶನಿವಾರ.

ಇಲ್ಲಿ ತಾಲೀಮಿನ ಪದ್ಧತಿ ಹೇಳಬೇಕು. ಶನಿವಾರ ಹನುಮಂತನ ವಾರ. ಅವತ್ತು ಗುಂಡುಕಲ್ಲುಗಳನ್ನು ತೊಳೆದು, ಕುಸುಬೆ ಎಣ್ಣೆ ಸವರಿ, ಕುಂಕುಮ ಹಚ್ಚುತ್ತೇವೆ. ಅವತ್ತು ಯಾರೂ ಕಲ್ಲು ಎತ್ತುವುದಿಲ್ಲ. ಮರುದಿನಕ್ಕೆ ಕಲ್ಲು ಎಣ್ಣೆಯನ್ನು ಕುಡಿದಿರುತ್ತದೆ, ಮೇಲೆ ಕೆಮ್ಮಣ್ಣು ಉಜ್ಜಿ ಎತ್ತುತ್ತೇವೆ. ಜಿಮ್‌ನಲ್ಲಿ ಈ ಪದ್ಧತಿ ನಾನು ಇಟ್ಟುಕೊಂಡಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಮಾತ್ರ ಮನಸ್ಸು ತಡೆಯಲಿಲ್ಲ. ತಂಗಿಯ ದಿನ, ದೇವರ ವಾರ. ಮೂರರಲ್ಲಿ ಹಿರಿಯದು ಹದಿನಾರು ಕಿಲೋದ್ದು, ಅದಕ್ಕೊಂದಕ್ಕೆ ಎಣ್ಣೆ ಸವರಿದೆ. ಕುಂಕುಮ ಇಟ್ಟು ಕೈ ಮುಗಿದೆ. ಹೆಂಗಸರು ಬರುವ ಮುಂಚೆ ಹೆಗಲ ಮೇಲಿನ ವಲ್ಲಿಯಿಂದ ಮೇಲೆ ಮೇಲೆ ಒರೆಸಿದೆ. ಬೆರಳು ಕೊಕ್ಕೆ ಹಾಕುವುದು ಹಿಡಿಕೆಯ ಕೆಳಗಿನ ಮೈಗೆ. ಅಲ್ಲಿ ನನ್ನ ವಲ್ಲಿ ಹೋಗಲಿಲ್ಲ. ಕಬ್ಬಿಣ ಎಣ್ಣೆ ಕುಡಿಯುವುದಿಲ್ಲ ಅನ್ನುವುದು ನನಗೆ ಹೊಳೆಯಲೂ ಇಲ್ಲ.

ಹನ್ನೊಂದು ಮಂದಿ ಬಂದರು. ಚೆನ್ನಾಗಿ ಕಾಣಲಿ ಅಂತ ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರಿಗೇ ಹಾಕಿದ್ದೆ. ಮಾಸ್ತರರು ಅವತ್ತು ಯಾದಗಿರಿಗೆ ಹೋಗಿದ್ದರು, ಬೇಡ ಅನ್ನುವವರು ಇರಲಿಲ್ಲ. ತಂಗಿ ಸೀರೆಯ ಬದಲು ಚೂಡಿದಾರ ಹಾಕಿ, ವೇಲು ಸೊಂಟಕ್ಕೆ ಬಿಗಿದಿದ್ದಳು. ಕೋಲಿನ ಪಾಠ ತೋರಿಸಿದಳು. ಕೊಡ, ಬಾಗಿಲು ಅಂದಾಗ ಹೆಂಗಸರು ನಕ್ಕರು. ಎಂಟು ಕಿಲೋ ಬೀಸಿದಳು, ಹನ್ನೆರಡು ಬೀಸಿದಳು. ಆಮೇಲೆ ನಾನು ಹದಿನಾರನ್ನು ಮುಂದಿಟ್ಟೆ.

ಒಂದರಿಂದ ಐದರವರೆಗೆ ಸರಿಯಿತ್ತು. ಆರಕ್ಕೆ ಆಕೆ ನನ್ನ ಕಡೆ ನೋಡಿದಳು. "ಅಣ್ಣಾ, ಜಾರಾಕತ್ತದ," ಅಂದಳು, ನನಗಷ್ಟೇ ಕೇಳುವಂತೆ.

ಆಗ ನನಗೆ ಗೊತ್ತಾಯಿತು. ಬಿಡು, ಕೆಳಗಿಡು ಅನ್ನಬಹುದಿತ್ತು. ತಾಲೀಮಿನಲ್ಲಿ ಜನರೆದುರು ಕಲ್ಲಿಗೆ ಕೈ ಹಾಕಿದವನು ನಡುವೆ ಇಳಿಸುವುದಿಲ್ಲ. ಹನ್ನೊಂದು ಮಂದಿ ಕೂತಿದ್ದರು, ಹಿಂದೆ ಸಾಹುಕಾರರು ನಿಂತಿದ್ದರು. "ಬಿಗಿ ಹಿಡಿ," ಅಂದೆ. ಅಂದು ಏಳು ಎಣಿಸಿದೆ.

ಒಂಬತ್ತಕ್ಕೆ ಗುಂಡು ಕೈಬಿಟ್ಟು ಹೋಯಿತು. ಎದುರಿನ ಸಾಲಿನ ಒಂದು ಕುರ್ಚಿಯನ್ನು ಸೀಳಿ ಗೋಡೆಗೆ ಬಡಿಯಿತು. ಆ ಕುರ್ಚಿಯಲ್ಲಿ ಕೂತಿದ್ದ ಕ್ಲರ್ಕ್ ಬಾಯಿಯವರು ನೀರು ಕುಡಿಯಲು ಎದ್ದಿದ್ದರು. ಲೋಟ ಹಿಡಿದುಕೊಂಡು ಹಾಗೆಯೇ ನಿಂತರು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಮೊದಲು ಓಡಿದ್ದು ಗುಂಡಿನ ಹತ್ತಿರಕ್ಕೆ. ಎತ್ತಿಕೊಂಡು, ಹಿಡಿಕೆಯ ಕೆಳಮೈಯನ್ನು ವಲ್ಲಿಯಿಂದ ಗಟ್ಟಿಯಾಗಿ ಒರೆಸಿದೆ. ಆಮೇಲೆ ತಿರುಗಿ ತಂಗಿಯನ್ನು ನೋಡಿದೆ. ಆಕೆ ತನ್ನ ಎರಡೂ ಅಂಗೈ ನೋಡುತ್ತ ನಿಂತಿದ್ದಳು. ಅಲ್ಲಿದ್ದ ಜಿಡ್ಡನ್ನು ಬೆವರು ಅಂದುಕೊಂಡಿರಬೇಕು.

"ಏನಾತೋ?" ಅಂದರು ಸಾಹುಕಾರರು.

"ಆಕಿ ಕೈ ಸೋತದ್ರಿ," ಅಂದೆ.

ಅಷ್ಟೇ ಅಂದದ್ದು. ಎಣ್ಣೆ ಅಂದಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಗಳಿಗೆಯಲ್ಲಿ ಕೆಲಸದ ನೆನಪೂ ಇರಲಿಲ್ಲ. ಉಸ್ತಾದ್ ಅನ್ನಿಸಿಕೊಂಡವನು ಹಿಡಿಕೆಗೆ ಎಣ್ಣೆ ಹಚ್ಚಿದ ಅನ್ನುವ ನಗೆ ಮಾತ್ರ ಕಿವಿಯಲ್ಲಿ ಕೇಳಿಸಿತ್ತು. ಬ್ಯಾಚ್ ನಿಂತಿತು. ತಂಗಿ ಅವತ್ತು ಸಂಜೆಯ ಬಸ್ಸಿಗೆ ಗೋಗಿಗೆ ಹೋದಳು.

ಮೊದಲ ವಾರ, ಇನ್ನೊಂದು ವಾರಕ್ಕೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು, ಆಕೆ ಬರಲಿಲ್ಲ. ಅವ್ವನಿಂದ ಸುದ್ದಿ ಬರುತ್ತಿತ್ತು. ಕೈಯಲ್ಲಿ ಬಲ ಇಲ್ಲ ಅನ್ನುತ್ತಾಳೆ. ಸಸಿಯ ಕಟ್ಟು ಹಿಡಿಯಲು ಹೆದರುತ್ತಾಳೆ. ಯಾದಗಿರಿಯಲ್ಲಿ ಡಾಕ್ಟರಿಗೆ ತೋರಿಸಿದ್ದಾರೆ, ನರ ಪರೀಕ್ಷೆ ಮಾಡಿಸಿ ಅಂತ ಅವರು ರಾಯಚೂರಿಗೆ ಬರೆದು ಕೊಟ್ಟಿದ್ದಾರೆ. ಅಲ್ಲಿ ಏನೂ ಕಾಣಲಿಲ್ಲವಂತೆ. ಕಾಣದ್ದಕ್ಕೆ ಆಕೆಯ ಹೆದರಿಕೆ ಇನ್ನಷ್ಟು ಹೆಚ್ಚಿತು.

ಒಂದು ಅಮವಾಸ್ಯೆಗೆ ಬಂದಾಗ ನಾನೇ ಕಂಡೆ. ಅವ್ವ ಚಹಾ ಕೊಟ್ಟಳು. ತಂಗಿ ಆ ಚಿಕ್ಕ ಗ್ಲಾಸನ್ನು ಎರಡೂ ಕೈಯಿಂದ ಹಿಡಿದಳು, ಮುದುಕರು ಹಿಡಿದಂತೆ.

"ಯಾಕ?" ಅಂದೆ.

"ಯಾವಾಗ ಕೈಬಿಡ್ತದೋ ಏನೋ ಅಣ್ಣಾ. ಬಾವಿಗೆ ಹೋಗೋದು ಬಿಟ್ಟೀನಿ. ಅತ್ತಿನೇ ನೀರು ಸೇದ್ತಾಳ, ಬೈಕೋತ." ಆಮೇಲೆ ಮೆಲ್ಲಗೆ ಕೇಳಿದಳು, "ಅವತ್ತು ನೀ ನೋಡಿದೆಲ್ಲ. ಎಡಗೈ ಮೊದಲ ಬಿಡ್ತೇನು, ಬಲಗೈಯೇನು?"

ನಾನು ಚಹಾ ಕುಡಿಯುತ್ತ, "ನೆನಪಿಲ್ಲ," ಅಂದೆ.

ಮರುದಿನ ಮಾಸ್ತರರು ಜಿಮ್‌ಗೆ ಬಂದಿದ್ದರು. ತಂಗಿಯ ಸಮಾಚಾರ ಹೇಳಿದೆ. ಅವರು, "ಅಷ್ಟು ಚಂದ ಬೀಸ್ತಿದ್ದಳಲ್ಲ. ಕೈ ತಾನಾಗೇ ಹಂಗ ಬಿಡೋದಿಲ್ರಿ. ಬೆವರು ಇತ್ತೇನು? ನೀರು? ಎಣ್ಣಿ?" ಅಂದರು. ನಾನು ಕಸಬರಿಗೆ ತೆಗೆದುಕೊಂಡು ಹೊಡೆದ ನೆಲವನ್ನೇ ಮತ್ತೆ ಹೊಡೆದೆ. ಅವರು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಅವರು ಹೋದ ಮೇಲೆ ಕಸಬರಿಗೆ ಮೂಲೆಗಿಟ್ಟು, ಹದಿನಾರರ ಗುಂಡನ್ನು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ರಸ್ತೆಗೆ ಬಂದೆ. ಹಾಗೇ ಹೋಗಿ ಹೇಳಿದರೆ ಆಕೆ ನಂಬಲಿಕ್ಕಿಲ್ಲ, ತನ್ನನ್ನು ಸಮಾಧಾನ ಮಾಡಲು ಅಣ್ಣ ಕಟ್ಟಿದ ಮಾತು ಅಂದಾಳು ಅನ್ನಿಸಿತ್ತು.

ಗೋಗಿಯ ಆಟೋದಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಆಟೋದವನು ಹಿಂತಿರುಗಿ ನೋಡಿ, "ಕಾಕಾ, ಏನದು ಚೀಲದಾಗ? ಗಾಡಿ ಒಂದು ಕಡಿ ವಾಲಾಕತ್ತದ," ಅಂದ.

"ಗುಂಡು."

"ಎತ್ತಲಿಕ್ಕೇನು? ನಮ್ಮೂರಾಗ ಕಲ್ಲಿಗೇನು ಬರ ಬಂದದ? ಹೊತ್ಕೊಂಡು ಬರಾಕತ್ತೀರಿ."

ಪಕ್ಕದ ಮುದುಕಿ ಚೀಲ ಮುಟ್ಟಿ ನೋಡಿ, "ಮಗಳಿಗಿ ತವರ ಉಡುಗೊರಿ ಇರಬೇಕು ಬಿಡೋ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಲದ ಭಾರಕ್ಕೆ ತೊಡೆ ಮರಗಟ್ಟಿತ್ತು.

ತಂಗಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಆಕೆಯ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಗುಂಡನ್ನು ಚೀಲದಿಂದ ತೆಗೆದಿಟ್ಟ ಕೂಡಲೇ ತಂಗಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತಿತ್ತು.

"ಅವತ್ತು ನಿನ್ನ ಕೈ ಸೋತಿರಲಿಲ್ಲ. ಮುಂಜಾನೆ ಹಿಡಿಕಿಗಿ ನಾನೇ ಎಣ್ಣಿ ಹಚ್ಚಿದ್ದೆ. ನೀ ಜಾರತದ ಅಂದಾಗ ನನಗ ಗೊತ್ತಾತು. ಗೊತ್ತಾಗೇ ಬಿಗಿ ಹಿಡಿ ಅಂದೆ."

ಆಕೆ ಮೊರವನ್ನು ಕೆಳಗಿಟ್ಟಳು. ಅತ್ತೆಯೇ, "ಹೌದೇನೋ? ರಾಯಚೂರಿನ ತನಕ ಓಡ್ಯಾಡಿಸಿದೆಲ್ಲೋ," ಅಂದರು.

"ನೀವು ಸುಮ್ಮಿರ್ರಿ ಅತ್ತಿ," ಅಂದಳು ತಂಗಿ. ನನ್ನ ಕಡೆ ನೋಡಿ, "ಸುಳ್ಳು ಹೇಳಾಕತ್ತಿ. ನನ್ನ ಹೆದರಿಕಿ ತೆಗಿಬೇಕಂತ," ಅಂದಳು.

"ಇಲ್ಲ."

"ಹಂಗಾರ ತೋರಸು." ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ಇಟ್ಟಳು. "ಅವತ್ತು ಹಚ್ಚಿದಷ್ಟೇ ಹಚ್ಚು. ಒರಸಿದಷ್ಟೇ ಒರಸು. ನೀನೇ ಬೀಸು. ನಾ ಎಣಸ್ತೀನಿ."

ಹಚ್ಚಿದೆ. ಮೇಲೆ ಮೇಲೆ ಒರೆಸಿದೆ. ಎದುರಿಗೆ ಹತ್ತಿಕಟ್ಟಿಗೆಯ ಬಣವೆ ಇತ್ತು, ಆ ಕಡೆ ಮುಖ ಮಾಡಿ ನಿಂತೆ. ಆಕೆ ಎಣಿಸತೊಡಗಿದಳು. ನಾಲ್ಕಕ್ಕೆ ಹಿಡಿಕೆ ಬೆರಳ ತುದಿಗೆ ಬಂತು. ನಿಜ ಹೇಳಬೇಕೆಂದರೆ ಆಗಲೂ ನನ್ನೊಳಗೆ ಒಬ್ಬ, ಬಿಡಬೇಡ, ಹಿಡಿದು ತೋರಿಸು ಅನ್ನುತ್ತಿದ್ದ. ಗಟ್ಟಿಯಾಗಿ ಹಿಡಿದೆ. ಇಪ್ಪತ್ತು ವರ್ಷ ಕಲ್ಲು ಎತ್ತಿದ ಕೈ. ಏಳಕ್ಕೆ ಗುಂಡು ಹಾರಿ ಬಣವೆಯೊಳಗೆ ಹೋಗಿ ಬಿತ್ತು.

ತಂಗಿ ಒಂಬತ್ತರವರೆಗೆ ತಡೆದಿದ್ದಳು. ಅದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಆಕೆ ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಮತ್ತೆ ಕಟ್ಟಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತು ಅತ್ತಳು. ನಾನು ಹತ್ತಿರ ಹೋದೆ.

"ದೂರ ನಿಂದ್ರು," ಅಂದಳು. "ನಾಲ್ಕು ತಿಂಗಳು ನನ್ನ ಮಗಳನ್ನ ಎತ್ತಿಕೊಂಡಿಲ್ಲ ನಾನು. ಕೆಡವಿಬಿಡ್ತೀನಿ ಅಂತ."

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ ಅಂತ ಬರೆಯುವ ಧೈರ್ಯವೂ ಈಗ ನನಗಿಲ್ಲ.

ಹೊರಡುವಾಗ ಆಕೆ ಒಂದೇ ಮಾತು ಹೇಳಿದಳು. "ಆ ಹನ್ನೊಂದು ಮಂದಿ ಮುಂದ ನನ್ನ ಕೈ ಸೋತದ ಅಂದಿ. ಅವರ ಮುಂದೇ ಹೇಳು. ಅವತ್ತು ನಾನೂ ಬರ್ತೀನಿ."

ಅವತ್ತು ಸಂಜೆಯೇ ಸಾಹುಕಾರರಿಗೆ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಒಂದು ಜೀವ ಹೋಗ್ತಿತ್ತಲ್ಲೋ," ಅಂದರು. ಆಮೇಲೆ, "ಮುಂಜಾನಿ ಹುಡುಗೂರನ್ನ ನೋಡ್ಕೋ. ಹೆಂಗಸರ ಬ್ಯಾಚ್ ಆದ್ರ ಆ ಹೊತ್ತಿಗಿ ನೀ ಒಳಗ ಇರಬಾರದು. ಅದು ಆಕಿ ಜಾಗ," ಅಂದರು. ಹೂಂ ಅಂದೆ. ಹೆಂಗಸರನ್ನು ಕರೆಸಲು ಮಾಸ್ತರರೇ ಮನೆ ಮನೆಗೆ ಹೋದರು. ಹನ್ನೊಂದರಲ್ಲಿ ಏಳು ಮಂದಿ ಬಂದರು. ಈ ಸಲ ಕುರ್ಚಿಗಳನ್ನು ಪಕ್ಕದ ಗೋಡೆಗೆ ಹಾಕಿದ್ದೆ.

ನಿಂತುಕೊಂಡು ಹೇಳಿದೆ. ಎಣ್ಣೆಯದು ಹೇಳಿದೆ, ಬಿಗಿ ಹಿಡಿ ಅಂದದ್ದು ಹೇಳಿದೆ, ವಲ್ಲಿಯಿಂದ ಒರೆಸಿದ್ದು ಹೇಳಿದೆ. ನಾನು ಹೆದರಿದ್ದ ನಗು ಬರಲಿಲ್ಲ. ಯಾರೂ ನಗದೇ ಇದ್ದದ್ದು ಅದಕ್ಕಿಂತ ಕಷ್ಟವಾಯಿತು.

ಕ್ಲರ್ಕ್ ಬಾಯಿಯವರು ಕೇಳಿದರು, "ಅಂದ್ರ ಅವತ್ತು ನಾ ನೀರು ಕುಡಿಲಿಕ್ಕೆ ಏಳಲಿಲ್ಲ ಅಂದ್ರ, ನನ್ನ ಜೀವ ಹೋದ ತಪ್ಪೂ ಈ ಅಕ್ಕನ ತಲಿಮ್ಯಾಲೆ ಬರ್ತಿತ್ತೇನ್ರಿ?"

"ಹೌದ್ರಿ," ಅಂದೆ.

ಆಗ ತಂಗಿ ಎದ್ದು ಬಂದಳು. ಹದಿನಾರರ ಗುಂಡಿನ ಹಿಡಿಕೆಯನ್ನು ತನ್ನ ವೇಲಿನಿಂದ ಮೇಲೆ ಕೆಳಗೆ ಒರೆಸಿದಳು. ಕಾಲು ಅಗಲಿಸಿ ನಿಂತಳು, ಹಿಂಭಾಗ ಹಿಂದಕ್ಕೆ ದೂಡಿದಳು. ಗುಂಡು ಎದೆಯ ಮಟ್ಟಕ್ಕೆ ಎದ್ದಿತು. ಅಭ್ಯಾಸಬಲದಿಂದ ನನ್ನ ಬಾಯಿಂದ "ಒಂದು" ಬಂತು.

ಆಕೆ ಗುಂಡನ್ನು ಕೆಳಗಿಟ್ಟಳು. "ನೀ ಎಣಿಸಬ್ಯಾಡ," ಅಂದಳು. ದನಿ ಏರಿಸಲಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದಳು. ತಾನೇ ಎಣಿಸಿದಳು. ಹತ್ತು ದಾಟಿದ ಮೇಲೆ ಮಾತಿಗೆ ಉಸಿರು ಸಾಲದಾಯಿತು. ಕ್ಲರ್ಕ್ ಬಾಯಿಯವರು ಎಣಿಕೆ ಎತ್ತಿಕೊಂಡರು, ಉಳಿದವರೂ ಸೇರಿದರು. ನಾನು ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಇಪ್ಪತ್ತಕ್ಕೆ ಗುಂಡನ್ನು ಮೆಲ್ಲಗೆ ನೆಲಕ್ಕಿಟ್ಟು, ಬೆವರು ಒರೆಸಿಕೊಂಡು, ಅವರ ಕಡೆ ತಿರುಗಿ, "ಯಾರು ಮೊದಲ ಬರ್ತೀರಿ?" ಅಂದಳು.

ಇಬ್ಬರು ಎದ್ದರು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.